ಹಣವಿದ್ದೂ ಬರಿಗೈ

ನನ್ನ ತಂಗಿಯ ಮೊಮ್ಮಗಳು ಹೆಚ್ಚಿನ ವ್ಯಾಸಂಗಕ್ಕೆಂದು ಈ ವರ್ಷ ಜರ್ಮನಿಯ ಆಖೆನ್ ನಗರಕ್ಕೆ ಹೊರಟಿದ್ದಾಳೆ. ಒಂದು ಸಂಜೆ ಕಾಗದ ಪೆನ್ಸಿಲುಗಳೊಡನೆ ನನ್ನೆದುರು ಬಂದು ಕುಳಿತು, "ಅಜ್ಜಾ, ಪರದೇಶದಲ್ಲಿ ಹಣ ಸಾಲದೆ ಪರದಾಡಬಾರದು ಅಂದರೆ ಎಷ್ಟಿರಬೇಕು?" ಎಂದು ಕೇಳಿದಳು. "ಎಷ್ಟು ಎನ್ನುವುದು ಎರಡನೆಯ ಮಾತು ಕಣವ್ವಾ, ಎಲ್ಲಿ ಎನ್ನುವುದು ಮೊದಲನೆಯದು" ಎಂದೆ. ಮುದುಕ ಮಾತು ಮರೆಸುತ್ತಿದ್ದಾನೆಂದು ಅವಳಿಗೆ ಅನ್ನಿಸಿರಬೇಕು, ಪೆನ್ಸಿಲನ್ನು ಕೆಳಗಿಟ್ಟಳು. ಅಂದು ಅವಳಿಗೆ ಹೇಳಿದುದನ್ನೇ ಇಂದು ತಮ್ಮ ಮುಂದೆ ನಿವೇದಿಸುತ್ತಿದ್ದೇನೆ. ಪರದೇಶದಲ್ಲಿ ಕೈ ಬರಿದಾದವರನ್ನು ನಾನು ಕೆಲವರನ್ನು ಬಲ್ಲೆ, ಅವರಲ್ಲಿ ಮೊದಲನೆಯವನು ನಾನೇ. ಆ ಬಹುಮಂದಿಯಲ್ಲಿ ಹಣವೇ ಇಲ್ಲದವರು ಕಡಿಮೆ. ಹಣ ಎಲ್ಲಿಯೋ ಇತ್ತು, ಅವರು ಇನ್ನೆಲ್ಲಿಯೋ ಇದ್ದರು. ನಡುವಣ ದಾರಿ ಕಡಿದುಹೋಗಿತ್ತು.

ನಾನು ದಾವಣಗೆರೆಯವನು. ತಂದೆ ಬಟ್ಟೆಯ ಗಿರಣಿಯೊಂದರಲ್ಲಿ ಲೆಕ್ಕಪತ್ರದ ಗುಮಾಸ್ತರು. 1970ರ ಸೆಪ್ಟೆಂಬರಿನಲ್ಲಿ ಜವಳಿ ತಂತ್ರಜ್ಞಾನವನ್ನು ಕಲಿಯಲು ನಾನು ಇಂಗ್ಲೆಂಡಿನ ಲೀಡ್ಸ್ ನಗರಕ್ಕೆ ಹೋದೆ. ವಿದೇಶೀ ವಿನಿಮಯಕ್ಕೆ ಬರಗಾಲವಿದ್ದ ದಿನಗಳವು. ದೇಶ ಬಿಟ್ಟು ಹೊರಟವನ ಜೇಬಿನಲ್ಲಿ ಮೂರು ಪೌಂಡು ಇದ್ದರೆ ಅದೇ ಮಿತಿ. ಪೌಂಡಿಗೆ ಆಗ ಹದಿನೆಂಟು ರೂಪಾಯಿ. ಎಂದರೆ ಐವತ್ತನಾಲ್ಕು ರೂಪಾಯಿನ ಬಲದಿಂದ ನಾನು ಸಮುದ್ರವನ್ನು ದಾಟಿದೆ. ಉಳಿದ ಹಣ ರಿಸರ್ವ್ ಬ್ಯಾಂಕಿನ ಅನುಮತಿ ಪಡೆದು ಮೂರು ತಿಂಗಳಿಗೊಮ್ಮೆ ನೂರಿಪ್ಪತ್ತು ಪೌಂಡಿನ ಡ್ರಾಫ್ಟಾಗಿ ಬರಬೇಕು. ಅದಕ್ಕಾಗಿ ತಂದೆಯವರು ಎರಡು ಎಕರೆ ಹೊಲವನ್ನು ಮಾರಿದ್ದರು. ಡ್ರಾಫ್ಟನ್ನು ವಿಮಾನ ಅಂಚೆಯಲ್ಲಿ ಕಳುಹಿಸುತ್ತಿದ್ದರು. ಬ್ಯಾಂಕಿನಿಂದ ಬ್ಯಾಂಕಿಗೆ ತಂತಿಯ ಮೂಲಕ ವರ್ಗಾಯಿಸುವ ಏರ್ಪಾಡೂ ಇತ್ತು, ಆದರೆ ಅದಕ್ಕೆ ಖರ್ಚು ಹೆಚ್ಚು. "ಒಂದು ವಾರ ತಡವಾದರೇನು, ಅಷ್ಟೇ ಉಳಿತಾಯ" ಎಂಬುದು ಅವರ ಲೆಕ್ಕ. ನನಗೂ ಅದು ಸರಿಯಾಗಿಯೇ ಕಂಡಿತ್ತು.

1971ರ ಜನವರಿ 20, ಬುಧವಾರ. ಬ್ರಿಟನ್ನಿನ ಅಂಚೆ ನೌಕರರು ದೇಶವ್ಯಾಪಿಯಾಗಿ ಮುಷ್ಕರ ಹೂಡಿದರು. ಸಂಬಳವನ್ನು ನೂರಕ್ಕೆ ಹದಿನೈದರಷ್ಟು ಏರಿಸಬೇಕೆಂಬುದು ಅವರ ಬೇಡಿಕೆ. ಎಂಟು ಹತ್ತು ದಿನಗಳ ಕೆಳಗೆ ದಾವಣಗೆರೆಯಿಂದ ಹೊರಟ ನನ್ನ ಡ್ರಾಫ್ಟು ಆ ವೇಳೆಗೆ ಲಂಡನ್ನಿನ ಯಾವುದೋ ಚೀಲದ ತಳ ಸೇರಿತ್ತು. ನನ್ನ ಬಳಿ ಇದ್ದುದು ಹನ್ನೊಂದು ಪೌಂಡು. ಕೋಣೆಯ ಬಾಡಿಗೆ ವಾರಕ್ಕೆ ಮೂರು. ನಾಲ್ಕಾರು ದಿನಗಳಲ್ಲಿ ಎಲ್ಲವೂ ಸರಿಹೋದೀತೆಂದು ಪತ್ರಿಕೆಗಳು ಬರೆದವು, ನಾನೂ ನಂಬಿದೆ. ಮುಷ್ಕರ ನಲವತ್ತೇಳು ದಿನ ನಡೆಯಿತು.

ಅಲ್ಲಿಯ ಬಾಡಿಗೆಕೋಣೆಗಳಲ್ಲಿ ಆಗ ಗ್ಯಾಸಿನ ಒಲೆಗೆ ಒಂದು ಮೀಟರು ಇರುತ್ತಿತ್ತು. ಅದರ ಬಾಯಿಗೆ ಒಂದು ಷಿಲಿಂಗು ಹಾಕಿದರೆ ಒಂದಿಷ್ಟು ಹೊತ್ತು ಶಾಖ, ಮುಗಿದೊಡನೆ ಜ್ವಾಲೆ ನೀಲಿಯಾಗಿ ಕುಗ್ಗಿ ಆರಿಹೋಗುತ್ತದೆ. ಹಣವೆಂಬುದು ಕಣ್ಣೆದುರಿಗೇ ಉರಿದುಹೋಗುವುದನ್ನು ನೋಡಬೇಕೆಂಬುವವರಿಗೆ ಅದಕ್ಕಿಂತ ಒಳ್ಳೆಯ ಯಂತ್ರವಿಲ್ಲ. ನಾನು ಒಲೆ ಹಚ್ಚುವುದನ್ನು ನಿಲ್ಲಿಸಿ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಬಾಗಿಲು ಮುಚ್ಚುವವರೆಗೆ ಕೂರತೊಡಗಿದೆ. ಓದಿನ ಮೇಲಿನ ನನ್ನ ಶ್ರದ್ಧೆಯನ್ನು ಕಂಡು ಅಲ್ಲಿಯ ಕಾವಲುಗಾರ ಮೆಚ್ಚಿ ತಲೆದೂಗುತ್ತಿದ್ದ. ಎರಡು ವಾರದ ಬಾಡಿಗೆ ಕೊಟ್ಟ ಮೇಲೆ ಉಳಿದುದು ಐದು ಪೌಂಡು. ಅಮ್ಮ ಕಟ್ಟಿಕೊಟ್ಟಿದ್ದ ಚಟ್ನಿಪುಡಿ ಇತ್ತು. ಬ್ರೆಡ್ಡಿಗೆ ಅದನ್ನೇ ಹಚ್ಚಿಕೊಂಡೆ. ಬೇಯಿಸಿದ ಆಲೂಗೆಡ್ಡೆಗೂ ಅದೇ. ಭಾನುವಾರಗಳಂದು ಸಿಖ್ಖರ ಗುರುದ್ವಾರಕ್ಕೆ ಹೋಗಿ ಪಂಕ್ತಿಯಲ್ಲಿ ಕುಳಿತು ದಾಲು ರೊಟ್ಟಿ ಉಣ್ಣುತ್ತಿದ್ದೆ. ಯಾವ ಜಾತಿ, ಯಾವ ಊರು, ಏಕೆ ಬಂದೆ ಎಂದು ಅಲ್ಲಿ ಒಬ್ಬರೂ ಕೇಳಲಿಲ್ಲ. ಬಡಿಸುತ್ತಿದ್ದ ಹಿರಿಯರೊಬ್ಬರು ಮಾತ್ರ ಮೂರನೆಯ ಭಾನುವಾರ ನನ್ನ ತಟ್ಟೆಗೆ ಕೇಳದೆಯೇ ಎರಡು ರೊಟ್ಟಿ ಹೆಚ್ಚಿಗೆ ಹಾಕಿದರು.

ಮನೆಯೊಡತಿಯಿಂದ ತಪ್ಪಿಸಿಕೊಂಡು ಹಿಂಬಾಗಿಲಿನಿಂದ ಓಡಾಡಿದೆ. ತಂದೆಯವರು ಕೊಟ್ಟಿದ್ದ ಎಚ್‌ಎಂಟಿ ಕೈಗಡಿಯಾರವನ್ನು ಗಿರವಿ ಅಂಗಡಿಗೆ ಒಯ್ದೆ. ಬೆಂಗಳೂರಿನ ಆ ಹೆಸರನ್ನು ಕೇಳಿಯೇ ಅರಿಯದ ಅಂಗಡಿಯವನು ಅದನ್ನು ಕಿವಿಗೆ ಹಿಡಿದು, ಬೆಳಕಿಗೆ ಹಿಡಿದು, ಕೊನೆಗೆ ಎರಡು ಪೌಂಡು ಕೊಟ್ಟ. ಫೆಬ್ರವರಿ 15ರಂದು ಆ ದೇಶ ತನ್ನ ನಾಣ್ಯಪದ್ಧತಿಯನ್ನೇ ಬದಲಿಸಿತು. ಅಲ್ಲಿಯವರೆಗೆ ಪೌಂಡಿಗೆ ಇನ್ನೂರನಾಲ್ವತ್ತು ಪೆನ್ಸು, ಅಂದಿನಿಂದ ನೂರು. ಊರಿಗೆ ಊರೇ ಲೆಕ್ಕ ತಿಳಿಯದೆ ತಲೆ ಕೆರೆದುಕೊಳ್ಳುತ್ತಿದ್ದಾಗ ಹೊಸ ಪೆನ್ನಿ ಹಳೆಯದರ ಎಷ್ಟು ಪಾಲೆಂಬುದನ್ನು ನಿದ್ದೆಗಣ್ಣಿನಲ್ಲೂ ಹೇಳಬಲ್ಲವನಾಗಿದ್ದೆ. ಅದೊಂದೇ ನನ್ನ ಆಗಿನ ಪಾಂಡಿತ್ಯ. ಫೆಬ್ರವರಿ 19ರಂದು ನೂಲುವ ಯಂತ್ರಗಳ ಪ್ರಯೋಗಶಾಲೆಯಲ್ಲಿ ಕಣ್ಣು ಕತ್ತಲಿಟ್ಟು ಬಿದ್ದೆ. ನನ್ನ ಅಧ್ಯಾಪಕರು ಒಂದು ಲೋಟ ಸಿಹಿ ಚಹಾ ಕುಡಿಸಿ, ಎರಡೇ ಪ್ರಶ್ನೆ ಕೇಳಿ, ಕೈಹಿಡಿದು ವಿದ್ಯಾರ್ಥಿ ಕ್ಷೇಮದ ಕಚೇರಿಗೆ ಕರೆದೊಯ್ದರು. ಇಂಥ ಸಂದರ್ಭಕ್ಕೆಂದೇ ಅಲ್ಲಿ ಒಂದು ನಿಧಿಯಿತ್ತು. ಅರ್ಧ ಗಂಟೆಯಲ್ಲಿ ಇಪ್ಪತ್ತೈದು ಪೌಂಡು ಸಾಲ ದೊರೆಯಿತು. ನಮೂನೆಯಲ್ಲಿ "ತೊಂದರೆ ಎಂದಿನಿಂದ?" ಎಂದಿತ್ತು. ಜನವರಿ 20 ಎಂದು ಬರೆದೆ. ಗುಮಾಸ್ತೆ ಹೆಂಗಸು ಆ ತಾರೀಖನ್ನು ನೋಡಿದಳು, ಗೋಡೆಯ ಕ್ಯಾಲೆಂಡರನ್ನು ನೋಡಿದಳು, ನನ್ನನ್ನು ನೋಡಿದಳು. ಏನೂ ಹೇಳಲಿಲ್ಲ.

ಇದರಲ್ಲಿ ನನ್ನ ತಪ್ಪೇನು ಎಂದು ನಾನು ಅನೇಕ ವರ್ಷ ಯೋಚಿಸಿದ್ದೇನೆ. ದುಂದು ಮಾಡಿರಲಿಲ್ಲ. ಗಾಂಧೀಜಿಯವರು 1888ರಿಂದ ಮೂರು ವರ್ಷ ಲಂಡನ್ನಿನಲ್ಲಿದ್ದಾಗ ಬಸ್ಸಿನ ದರ, ಅಂಚೆಯ ಖರ್ಚು ಮೊದಲಾಗಿ ಪ್ರತಿಯೊಂದು ಕಾಸನ್ನೂ ಬರೆದಿಟ್ಟು ಮಲಗುವ ಮುನ್ನ ಲೆಕ್ಕ ತಾಳೆ ನೋಡುತ್ತಿದ್ದರೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಗುಮಾಸ್ತರ ಮಗನಾದ ನಾನೂ ಹಾಗೆಯೇ ಬರೆಯುತ್ತಿದ್ದೆ. ಲೆಕ್ಕ ಬರೆಯುವುದರಿಂದ ಹಣ ಹೇಗೆ ಕರಗಿತೆಂಬುದು ತಿಳಿಯುತ್ತದೆ, ಮತ್ತು ಇನ್ನೆಷ್ಟು ದಿನ ಬಂದೀತೆಂಬುದು ತಿಳಿಯುತ್ತದೆ. ಆದರೆ ಬರಬೇಕಾದ ಹಣ ಬರದೆ ಹೋದರೆ ಲೆಕ್ಕದ ಪುಸ್ತಕ ಏನು ಮಾಡೀತು? ನನ್ನ ತಪ್ಪು ಎರಡು. ನನಗೂ ಹಣಕ್ಕೂ ನಡುವೆ ಒಂದೇ ಒಂದು ದಾರಿಯನ್ನು ಇಟ್ಟುಕೊಂಡಿದ್ದೆ. ಆ ದಾರಿ ಮುಚ್ಚಿದಾಗ ನಾಚಿಕೆಯಿಂದ ಮೂವತ್ತು ದಿನ ಬಾಯಿ ಮುಚ್ಚಿಕೊಂಡಿದ್ದೆ. ದೇಶದ ಅಂಚೆಯೆಲ್ಲ ನಿಂತುಹೋಗಿರುವಾಗ ಕಾಗದ ಬರಲಿಲ್ಲವೆಂದು ಹೇಳುವುದರಲ್ಲಿ ನಾಚಿಕೆ ಏತರದು? ಆದರೂ ನಾಚಿದೆ. ಹಿಂಬಾಕಿಯ ವಿಷಯ ತಿಳಿದ ಮೇಲೆ ಮನೆಯೊಡತಿ ಹೇಳಿದ ಮಾತು ಇಷ್ಟೆ: ಅವಳ ಸ್ವಂತ ಮಗಳ ಕಾಗದವೇ ಬಂದಿರಲಿಲ್ಲ.

ಇದು ಹಳೆಯ ಕಥೆ, ಅಂಚೆಯ ಕಾಲದ್ದು ಎನ್ನಬಹುದು. ಹಾಗಾದರೆ 1990ರ ಕುವೈತನ್ನು ನೋಡೋಣ. ಆ ವರ್ಷದ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತನ್ನು ಆಕ್ರಮಿಸಿತು. ಆಗ ಅಲ್ಲಿ ಲಕ್ಷಕ್ಕೂ ಮಿಕ್ಕಿ ಭಾರತೀಯರಿದ್ದರು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿಯುತ್ತಿದ್ದುದು ಅಲ್ಲಿಯ ದೀನಾರಿನಿಂದ. ಹತ್ತು ಹದಿನೈದು ವರ್ಷ ದುಡಿದು ಬ್ಯಾಂಕಿನಲ್ಲಿಟ್ಟವರು, ಅಂಗಡಿ ಹಾಕಿದವರು, ಕಾರು ಕೊಂಡವರು ಒಂದು ಬೆಳಿಗ್ಗೆ ಎದ್ದಾಗ ಬ್ಯಾಂಕಿನ ಬಾಗಿಲು ಮುಚ್ಚಿತ್ತು. ಜಗತ್ತಿನ ಬೆಲೆಯುಳ್ಳ ನಾಣ್ಯಗಳಲ್ಲೊಂದಾದ ಕುವೈತಿ ದೀನಾರಿನ ಬೆಲೆ ಕುಸಿಯಿತು. ಪಾಸ್‌ಬುಕ್ಕಿನಲ್ಲಿ ಸಿರಿವಂತರಾಗಿದ್ದವರು ಬಸ್ಸುಗಳಲ್ಲಿ ಬಾಗ್ದಾದಿನ ಮೇಲೆ ಹಾದು, ಮರುಭೂಮಿಯ ಶಿಬಿರಗಳಲ್ಲಿ ರೊಟ್ಟಿಗೆ ಸಾಲುನಿಂತು, ಜೋರ್ಡಾನಿನ ಅಮ್ಮಾನ್ ನಗರವನ್ನು ಸೇರಿದರು. ಅಲ್ಲಿಂದ ಏರ್ ಇಂಡಿಯಾ 59 ದಿನಗಳಲ್ಲಿ 488 ಬಾರಿ ಹಾರಿ ಲಕ್ಷಕ್ಕೂ ಹೆಚ್ಚು ಜನರನ್ನು ತಾಯ್ನಾಡಿಗೆ ತಂದಿತು.

ಈ ಪ್ರಸಂಗಕ್ಕೆ ಇನ್ನೊಂದು ಮುಖವಿದೆ. ಅದನ್ನು ಜನ ಅಷ್ಟಾಗಿ ನೆನೆಯುವುದಿಲ್ಲ. 1991ರಲ್ಲಿ ವಿಶ್ವಸಂಸ್ಥೆ ಒಂದು ಪರಿಹಾರ ಆಯೋಗವನ್ನು ರಚಿಸಿತು. ಕುವೈತನ್ನು ಬಿಟ್ಟು ಹೊರಡಬೇಕಾಗಿ ಬಂದ ಪ್ರತಿಯೊಬ್ಬನಿಗೂ 2,500 ಡಾಲರುಗಳ ಗೊತ್ತಾದ ಪರಿಹಾರ. ಬೇರಾವ ಹಕ್ಕನ್ನೂ ಕೇಳುವುದಿಲ್ಲವೆಂದು ಒಪ್ಪಿದವನಿಗೆ 4,000. ಅದಕ್ಕೂ ಹೆಚ್ಚು ಕಳೆದುಕೊಂಡವನು ಸಂಬಳದ ಚೀಟಿ, ಬ್ಯಾಂಕಿನ ಪುಸ್ತಕ, ಕೊಂಡ ವಸ್ತುಗಳ ರಸೀದಿ ಇವುಗಳಿಂದ ತನ್ನ ನಷ್ಟವನ್ನು ಕಾಣಿಸಿಕೊಡಬೇಕಾಗಿತ್ತು. ಪರಿಹಾರ ಕೈಗೆ ಬರಲು ವರ್ಷಗಳೇ ಹಿಡಿದವು. ಬಂದಾಗ, ಕಾಗದವನ್ನು ಜೋಪಾನವಾಗಿ ಹೊತ್ತು ತಂದವನ ಹಕ್ಕಿಗೆ ಬಲವಿತ್ತು. ಆದುದರಿಂದ ಹೊರನಾಡಿನಲ್ಲಿರುವವನ ಕಾಗದಪತ್ರಗಳ ಒಂದು ಪ್ರತಿ ಊರಿನ ಮನೆಯಲ್ಲಿರಬೇಕು. ಪಾಸ್‌ಪೋರ್ಟು, ವೀಸಾ, ನೌಕರಿಯ ಕರಾರು, ಬ್ಯಾಂಕಿನ ತಃಖ್ತೆ ಎಲ್ಲದರದೂ. ಅಮ್ಮನ ಸೀರೆಯ ಪೆಟ್ಟಿಗೆಯೂ ಒಂದು ಬ್ಯಾಂಕೇ.

ಕೊಲ್ಲಿಯ ದೇಶಗಳಲ್ಲಿ ಯುದ್ಧವಿಲ್ಲದೆಯೂ ಕೈ ಬರಿದಾಗುವುದುಂಟು. 2016ರಲ್ಲಿ ಸೌದಿ ಅರೇಬಿಯಾದ ದೊಡ್ಡ ಗುತ್ತಿಗೆ ಸಂಸ್ಥೆಗಳು ತಿಂಗಳುಗಟ್ಟಲೆ ಸಂಬಳ ಕೊಡದೆ ನಿಲ್ಲಿಸಿದುವು. ಸಾವಿರಾರು ಭಾರತೀಯ ಕೆಲಸಗಾರರು ಜಿದ್ದಾದ ಸುತ್ತಣ ಶಿಬಿರಗಳಲ್ಲಿ ಅನ್ನವಿಲ್ಲದೆ ಸಿಲುಕಿದಾಗ ನಮ್ಮ ಕಾನ್ಸುಲೇಟು ಅಲ್ಲಿಯ ಭಾರತೀಯರ ನೆರವಿನಿಂದ ಆಹಾರ ಹಂಚಬೇಕಾಯಿತು. ಇಂಥ ಕೆಲಸಗಾರನ ಹಣದ ಜಾಡು ನೋಡಿದರೆ ಮನಸ್ಸಿಗೆ ನೋವಾಗುತ್ತದೆ. ಸಂಬಳ ಬಂದ ದಿನವೇ ಅದರ ಬಹುಪಾಲು ಊರಿಗೆ ಹೊರಡುತ್ತದೆ, ಸಾಲದ ಕಂತಿಗೆ, ತಂಗಿಯ ಮದುವೆಗೆ, ಮನೆಯ ಛಾವಣಿಗೆ. ತನಗೆಂದು ಇಟ್ಟುಕೊಳ್ಳುವುದು ತಿಂಗಳ ಊಟದಷ್ಟು ಮಾತ್ರ. ಊರಿಗೆ ಕಳುಹಿಸುವುದು ಕರ್ತವ್ಯ, ಅದನ್ನು ಬೇಡವೆನ್ನುವವನು ನಾನಲ್ಲ. ಆದರೆ ಹಿಂದಿರುಗುವ ವಿಮಾನದ ದರವನ್ನೂ ಎರಡು ತಿಂಗಳ ಊಟ ವಸತಿಯ ಹಣವನ್ನೂ ಮೊದಲು ತನ್ನ ಕೈಯಳತೆಯಲ್ಲಿಟ್ಟುಕೊಂಡು ಆಮೇಲೆ ಕಳುಹಿಸಬೇಕು. ಅದು ಕೂಡುವವರೆಗೆ ಮನೆಯವರು ಕಾಯಬೇಕು. 2020ರ ಸಾಂಕ್ರಾಮಿಕದಲ್ಲಿ ಸರ್ಕಾರ ಹೊರನಾಡಿಗರನ್ನು ಕರೆತರಲು ಮೇ 7ರಿಂದ ವಿಮಾನಗಳನ್ನು ಓಡಿಸಿತಲ್ಲ, ಅವುಗಳ ದರವನ್ನೂ ಪ್ರಯಾಣಿಕರೇ ತೆರಬೇಕಾಗಿತ್ತು.

ಇನ್ನು ಆಖೆನ್ನಿಗೆ ಹೊರಟವಳ ವಿಷಯ. ಜರ್ಮನಿಯವರು ಈ ಪ್ರಶ್ನೆಯನ್ನು ತಮ್ಮ ಸ್ವಭಾವಕ್ಕೆ ತಕ್ಕಂತೆ ಕಟ್ಟುನಿಟ್ಟಾಗಿ ಬಿಡಿಸಿದ್ದಾರೆ. ಅಲ್ಲಿಗೆ ಹೋಗುವ ನಮ್ಮ ವಿದ್ಯಾರ್ಥಿ ವೀಸಾಕ್ಕಾಗಿ ತನ್ನ ಖರ್ಚಿಗೆ ಹಣವಿದೆಯೆಂದು ತೋರಿಸಬೇಕು. ವಿದ್ಯಾರ್ಥಿವೇತನವಾಗಲಿ ಅಲ್ಲಿಯ ಜಾಮೀನುದಾರರಾಗಲಿ ಇಲ್ಲದವರು ಸಾಮಾನ್ಯವಾಗಿ ಒಂದು ವರ್ಷದ ಖರ್ಚನ್ನು ಮೊದಲೇ ಒಂದು ವಿಶೇಷ ಖಾತೆಯಲ್ಲಿ ಇಡುತ್ತಾರೆ. ಅವರ ಭಾಷೆಯಲ್ಲಿ ಅದು 'ಷ್ಪೆರ್‌ಕೊಂಟೊ', ತಡೆಹಿಡಿದ ಖಾತೆ. 2024ರ ಸೆಪ್ಟೆಂಬರಿನಲ್ಲಿ ಗೊತ್ತುಪಡಿಸಿದ ಮೊತ್ತ 11,904 ಯೂರೋ. ಇಟ್ಟವನೇ ಬೇಡಿದರೂ ತಿಂಗಳಿಗೆ 992 ಯೂರೋಗಿಂತ ಹೆಚ್ಚು ಬಿಡುವುದಿಲ್ಲ. ಕಣಜದ ಕೀಲಿಯನ್ನು ಅಜ್ಜಿ ಸೊಂಟಕ್ಕೆ ಸಿಕ್ಕಿಸಿಕೊಂಡು ದಿನಕ್ಕೆ ಇಂತಿಷ್ಟು ಸೇರು ಅಳೆದುಕೊಡುತ್ತಿದ್ದಳಲ್ಲ, ಅದೇ ಏರ್ಪಾಡು. ನನಗೆ ಇದು ಬಹಳ ಮೆಚ್ಚಿಕೆಯಾಯಿತು.

ಆದರೆ ಮೊಮ್ಮಗಳೊಡನೆ ಕುಳಿತು ಮೊದಲ ಎರಡು ತಿಂಗಳನ್ನು ದಿನದಿನವಾಗಿ ಬರೆದಾಗ ಒಂದು ಬಿರುಕು ಕಾಣಿಸಿತು. ಆ ಖಾತೆಯ ಹಣ ವಿಮಾನ ಇಳಿದ ದಿನವೇ ಕೈಗೆ ಬರುವುದಿಲ್ಲ. ಅಲ್ಲಿ ಒಂದು ವಿಳಾಸವಾಗಬೇಕು, ನಗರದ ಕಚೇರಿಯಲ್ಲಿ ಅದನ್ನು ನೋಂದಾಯಿಸಬೇಕು, ಹಣ ಬಂದು ಬೀಳಲು ಇನ್ನೊಂದು ಸಾಮಾನ್ಯ ಖಾತೆ ತೆರೆಯಬೇಕು. ಇದಕ್ಕೆ ವಾರಗಳೇ ಹಿಡಿಯಬಹುದು. ಇತ್ತ ಕೋಣೆ ಹಿಡಿಯಬೇಕಾದರೆ ಮುಂಗಡ ಠೇವಣಿ ಕೊಡಬೇಕು. ಅದು ಮೂರು ತಿಂಗಳ 'ತಣ್ಣನೆಯ ಬಾಡಿಗೆ'ಯನ್ನು ಮೀರಬಾರದೆಂದು ಕಾನೂನು. ಮನೆ ಬಿಸಿಮಾಡುವುದೇ ಮೊದಲಾದ ಖರ್ಚುಗಳನ್ನು ಸೇರಿಸದ ಬಾಡಿಗೆಗೆ ಅವರಿಟ್ಟಿರುವ ಹೆಸರು ಅದು. ಗ್ಯಾಸಿನ ಮೀಟರಿಗೆ ಷಿಲಿಂಗು ಹಾಕಿದ ನನಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಣ್ಣನೆಯ ಬಾಡಿಗೆ 350 ಯೂರೋ ಎಂದಿಟ್ಟುಕೊಂಡರೂ ಠೇವಣಿ 1,050 ಆಗಬಹುದು. ಅಜ್ಜಿ ಅಳೆದುಕೊಡುವ 992ರಲ್ಲಿ ಅದು ಹುಟ್ಟುವುದಿಲ್ಲ. ಬಾಡಿಗೆದಾರನು ಅದನ್ನು ಮೂರು ಸಮಕಂತುಗಳಲ್ಲಿ ಕೊಡಬಹುದೆಂದು ಅದೇ ಕಾನೂನು ಹೇಳುತ್ತದೆಂಬುದು ಬಹುಮಂದಿಗೆ ತಿಳಿದಿರುವುದಿಲ್ಲ. ತಿಳಿದವರೂ ಕೋಣೆ ಕೈತಪ್ಪೀತೆಂಬ ಭಯದಿಂದ ಕೇಳುವುದಿಲ್ಲ. ವಿಶ್ವವಿದ್ಯಾಲಯಕ್ಕೆ ಸೇರುವಾಗಲೇ ತೆರಬೇಕಾದ ವಂತಿಗೆ ಬೇರೆ. ಒಟ್ಟಿನಲ್ಲಿ ವರ್ಷದ ಹಣ ಭದ್ರವಾಗಿರುವವನೂ ಮೊದಲನೆಯ ತಿಂಗಳಲ್ಲೇ ಮುಗ್ಗರಿಸುವುದು ಸಾಧ್ಯ. ಆ ಎರಡು ತಿಂಗಳಿಗೆ ಬೇಕಾದುದು ತಡೆಹಿಡಿದ ಖಾತೆಯ ಹೊರಗೆ ಪ್ರತ್ಯೇಕವಾಗಿರಬೇಕು.

ಅಲ್ಲಿ ದುಡಿದು ತುಂಬಿಕೊಳ್ಳುತ್ತೇನೆ ಎನ್ನುವವರಿದ್ದಾರೆ. 2024ರಲ್ಲಿ ಜಾರಿಗೆ ಬಂದ ನಿಯಮದಂತೆ ನಮ್ಮ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಅನುಮತಿ ಬೇರೆ, ಕೆಲಸ ಬೇರೆ. ಭಾಷೆ ಬಾರದವನಿಗೆ ಮೊದಲ ಚಳಿಗಾಲದಲ್ಲಿ ಕೆಲಸ ಸಿಕ್ಕುವುದನ್ನು ದೈವಾನುಗ್ರಹವೆಂದು ಎಣಿಸಬೇಕೇ ಹೊರತು ಆದಾಯವೆಂದು ಬರೆದುಕೊಳ್ಳಬಾರದು.

ರೂಪಾಯಿಯೂ ಒಂದು ದಾರಿಯೇ, ಅದೂ ಕುಸಿಯುತ್ತದೆ. ನನ್ನ ಕಾಲದಲ್ಲಿ ಹಣ ಹೊರಗೆ ಒಯ್ಯಲು ಕಾನೂನು ಅಡ್ಡಿಯಾಗಿತ್ತು. 2004ರಲ್ಲಿ ಆರಂಭವಾದ ಉದಾರ ಯೋಜನೆಯಲ್ಲಿ ಈಗ ಒಬ್ಬನು ವರ್ಷಕ್ಕೆ 2,50,000 ಡಾಲರುಗಳವರೆಗೆ ಕಳುಹಿಸಬಹುದು. ಮೂರು ಪೌಂಡಿನವನಿಗೆ ಈ ಅಂಕಿಯನ್ನು ಓದಲು ಸೊನ್ನೆಗಳನ್ನು ಬೆರಳಿಟ್ಟು ಎಣಿಸಬೇಕಾಯಿತು. ಆದರೆ 2013ರಲ್ಲಿ ಏನಾಯಿತು? ಮೇ ತಿಂಗಳಲ್ಲಿ ಡಾಲರಿಗೆ 55ರ ಆಸುಪಾಸಿನಲ್ಲಿದ್ದ ರೂಪಾಯಿ ಆಗಸ್ಟಿನ ಕೊನೆಗೆ 68ನ್ನು ದಾಟಿತು. ಹತ್ತು ಸಾವಿರ ಡಾಲರಿನ ಶುಲ್ಕಕ್ಕೆಂದು ಐದೂವರೆ ಲಕ್ಷ ಸಾಲ ತೆಗೆದವನಿಗೆ ಸೆಪ್ಟೆಂಬರಿನ ಹೊತ್ತಿಗೆ ಒಂದು ಲಕ್ಷದ ಮೂವತ್ತು ಸಾವಿರ ಕೊರತೆ. ಅವನು ಒಂದು ಕಾಸನ್ನೂ ದುಂದು ಮಾಡಿರಲಿಲ್ಲ. ಆದುದರಿಂದ ಲೆಕ್ಕವನ್ನು ಹಣ ಖರ್ಚಾಗುವ ನಾಣ್ಯದಲ್ಲಿ ಹಾಕಬೇಕು, ರೂಪಾಯಿಯಲ್ಲಿ ಅಲ್ಲ; ಮುಂದಿನ ಆರು ತಿಂಗಳಿಗೆ ಬೇಕಾದುದನ್ನು ಮೊದಲೇ ಆ ನಾಣ್ಯಕ್ಕೆ ಬದಲಿಸಿಡಬೇಕು.

ಪ್ರಯಾಣಿಕರ ಚೆಕ್ಕು ಎಂಬುದೊಂದಿತ್ತು. ಕೊಳ್ಳುವಾಗ ಒಂದು ರುಜು, ಮುರಿಸುವಾಗ ಇನ್ನೊಂದು. ಕಳೆದುಹೋದರೆ ಬದಲಿ ಕೊಡುತ್ತಿದ್ದರು. ಅದರ ಸ್ಥಾನಕ್ಕೆ ಈಗ ಕಾರ್ಡು ಬಂದಿದೆ. ಕಾರ್ಡಿಗೆ ಕಾರ್ಡೇ ಜೊತೆ ಬೇಕು, ಬೇರೆ ಬೇರೆ ಬ್ಯಾಂಕಿನವು ಎರಡು. ಒಂದು ಜೇಬಿನಲ್ಲಿದ್ದರೆ ಒಂದು ಕೋಣೆಯಲ್ಲಿ. ಮೊಮ್ಮಗಳ ಗೆಳತಿಯೊಬ್ಬಳಿಗೆ ಆದುದನ್ನು ಕೇಳಿ. ಊರಿನ ಖಾತೆಯಲ್ಲಿ ಹಣ ಧಾರಾಳವಾಗಿತ್ತು. ಅದನ್ನು ಅಲ್ಲಿಂದ ಕಳುಹಿಸಿಕೊಳ್ಳಬೇಕಾದರೆ ಬ್ಯಾಂಕಿನವರು ಅವಳ ಮೊಬೈಲಿಗೆ ಒಂದು ಗುಪ್ತಸಂಖ್ಯೆಯನ್ನು ಕಳುಹಿಸುತ್ತಾರೆ. ಊರಿನ ಸಿಮ್ಮಿಗೆ ದುಡ್ಡು ಹಾಕದೆ ತಿಂಗಳುಗಳಾಗಿದ್ದುದರಿಂದ ಆ ನಂಬರು ಸತ್ತುಹೋಗಿತ್ತು. ಬೇರೆ ನಂಬರು ಕೊಡಬೇಕಾದರೆ ಶಾಖೆಗೆ ಖುದ್ದಾಗಿ ಬನ್ನಿ ಎಂದರಂತೆ. ಕೆಲವು ನೂರು ರೂಪಾಯಿನ ಉಳಿತಾಯ. ನನ್ನ ತಂದೆಯವರ ತಂತಿ ಖರ್ಚಿನ ಉಳಿತಾಯವನ್ನು ನೆನೆದು ನಾನು ನಗಲೋ ಅಳಲೋ ತಿಳಿಯದೆ ಹೋದೆ.

ಎಲ್ಲ ದಾರಿಯೂ ಮುಚ್ಚಿದಾಗ ಕೇಳಬೇಕು. ಕೈಯಲ್ಲಿ ಒಂದು ತಿಂಗಳಿನದು ಉಳಿದಿರುವಾಗಲೇ ಕೇಳಬೇಕು, ಕೊನೆಯ ಕಾಸಿನ ದಿನ ಅಲ್ಲ. ವಿಶ್ವವಿದ್ಯಾಲಯಗಳಲ್ಲಿ ಸಂಕಷ್ಟದ ನಿಧಿಗಳಿರುತ್ತವೆ. ಸೇರಿದ ವಾರವೇ ಆ ಕಚೇರಿಯ ಬಾಗಿಲು ಎಲ್ಲಿದೆಯೆಂದು ನೋಡಿಟ್ಟುಕೊಳ್ಳಬೇಕು. 2009ರಲ್ಲಿ ನಮ್ಮ ಸರ್ಕಾರ ಭಾರತೀಯ ಸಮುದಾಯ ಕಲ್ಯಾಣ ನಿಧಿಯನ್ನು ಸ್ಥಾಪಿಸಿತು. ತೀರ ನಿರ್ಗತಿಕರಾದವರಿಗೆ ತಂಗಲು ಜಾಗ, ಊಟ, ತುರ್ತು ಚಿಕಿತ್ಸೆ, ಊರಿಗೆ ಟಿಕೆಟ್ಟು ಇವುಗಳನ್ನು ಅದರಿಂದ ರಾಯಭಾರ ಕಚೇರಿ ಒದಗಿಸಬಹುದು. ಯಾರು ಅರ್ಹರೆಂಬುದನ್ನು ಅವರು ವಿಚಾರಿಸಿ ತೀರ್ಮಾನಿಸುತ್ತಾರೆ. ಅದು ಹಕ್ಕಲ್ಲ, ನೆರವು. ಗುರುದ್ವಾರದ ಪಂಕ್ತಿಯಂತೂ ಇಂದೂ ಇದೆ.

1971ರ ಮಾರ್ಚ್ 8ರಂದು ಅಂಚೆಯವರು ಕೆಲಸಕ್ಕೆ ಮರಳಿದರು. ಕೆಲವು ದಿನಗಳಾದ ಮೇಲೆ ನನಗೆ ಒಟ್ಟಿಗೆ ಏಳು ಕಾಗದಗಳು ಬಂದುವು. ಡ್ರಾಫ್ಟಿದ್ದ ಕಾಗದವೇ ಎಲ್ಲಕ್ಕೂ ಹಳೆಯದು. ವಿಶ್ವವಿದ್ಯಾಲಯದ ಸಾಲವನ್ನು ತೀರಿಸಿದೆ, ಬಾಡಿಗೆ ಕೊಟ್ಟೆ, ಗಡಿಯಾರವನ್ನು ಬಿಡಿಸಿಕೊಂಡೆ. ಉಳಿದ ಕಾಗದಗಳನ್ನು ರಾತ್ರಿ ಒಲೆ ಹಚ್ಚಿಕೊಂಡು ಓದಿದೆ. ಕಡೆಯದರಲ್ಲಿ ತಂದೆಯವರು ಎಂದಿನಂತೆ ಉಭಯ ಕುಶಲೋಪರಿ ಬರೆದು, ನನ್ನಿಂದ ಕಾಗದವಿಲ್ಲದಿರುವುದರಿಂದ ಹಣಕ್ಕೇನೂ ತೊಂದರೆಯಾಗಿಲ್ಲವೆಂದು ತಿಳಿದು ಅಮ್ಮನಿಗೂ ತಮಗೂ ಸಮಾಧಾನವಾಯಿತು ಎಂದಿದ್ದರು. ಆ ಫೆಬ್ರವರಿಯ ವಿಷಯವನ್ನು ನಾನು ಅವರಿಗೆ ಎಂದೂ ಹೇಳಲಿಲ್ಲ.

ಮೊಮ್ಮಗಳಿಗೆ ಹೇಳಿದ್ದೇನೆ. ಅವಳು ಹಿಂದಿರುಗುವ ಟಿಕೆಟ್ಟಿನ ಹಣವನ್ನು ಬೇರೆಯಾಗಿ ಎತ್ತಿಟ್ಟಿದ್ದಾಳೆ, ಊರಿನ ನಂಬರಿಗೆ ಒಂದು ವರ್ಷದ ದುಡ್ಡು ಹಾಕಿಸಿದ್ದಾಳೆ. ಕೋಣೆಯ ಠೇವಣಿಗೆ ಮಾತ್ರ ಇನ್ನೂ ಕೊರತೆಯಿತ್ತು. ಅದನ್ನು ನಾನು ಕೊಡುತ್ತೇನೆಂದಾಗ, "ಹಾಗಾದರೆ ಸಾಲ ಅಂತ ಬರೆದುಕೊಳ್ಳಿ ಅಜ್ಜಾ" ಎಂದಳು. ಬರೆದುಕೊಂಡಿದ್ದೇನೆ.

(ಆಕಾಶವಾಣಿ ಭಾಷಣ)